ಕಸುಬಿನ ಪತ್ರಿಕೆಗಳಿಗೆ ಬೇಸಾಯಗಾರರು ಲೇಖನ ಬರೆದು ಕಳುಹಿಸತಕ್ಕ ಕ್ರಮ

ಯಾವುದಾದರೊಂದು ಬೆಳೆಯನ್ನಾಗಲಿ ವ್ಯಾಪಾರವನ್ನಾಗಲಿ ಕುರಿತು, ಅದರಲ್ಲಿಯೇ ತೊಡಗಿರುವವರ ಉಪಯೋಗಕ್ಕಾಗಿ ನಡೆಯುವ ಪತ್ರಿಕೆಯನ್ನು ಕಸುಬಿನ ಪತ್ರಿಕೆಯೆಂದು ಕರೆಯಬಹುದು. ದಿನಪತ್ರಿಕೆಯನ್ನು ಊರಿನವರೆಲ್ಲರೂ ಓದುತ್ತಾರೆ. ಕಸುಬಿನ ಪತ್ರಿಕೆಯನ್ನು ಆ ಕಸುಬಿನಿಂದ ಜೀವನ ಸಾಗಿಸುವವರು ಓದುತ್ತಾರೆ. ಅದರಲ್ಲಿ ಅಚ್ಚಾದ ಮಾತನ್ನು ನಂಬಿ ಒಬ್ಬನು ಇದ್ದ ಗಿಡವನ್ನು ಕೀಳುತ್ತಾನೆ, ಮತ್ತೊಬ್ಬನು ಹೊಸ ಗಿಡವನ್ನು ನೆಡುತ್ತಾನೆ, ಮೂರನೆಯವನು ಸಾಲ ಮಾಡುತ್ತಾನೆ. ಆದುದರಿಂದ ಇಂತಹ ಪತ್ರಿಕೆಗೆ ಬರೆಯುವವನು ಅನ್ಯರ ಹಣದ ವಿಷಯದಲ್ಲಿ ಸಲಹೆ ಹೇಳುವ ಜವಾಬ್ದಾರಿಯನ್ನು ಹೊತ್ತುಕೊಂಡಂತಾಯಿತು. ಆ ಜವಾಬ್ದಾರಿಯನ್ನು ಸರಿಯಾಗಿ ನಿರ್ವಹಿಸುವ ಬಗೆಯನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

೧. ಬರೆಯುವುದರಿಂದ ಆಗುವ ಪ್ರಯೋಜನ

ಹಳ್ಳಿಗಳಲ್ಲಿ ಬೇಸಾಯದ ಅನುಭವಕ್ಕೆ ಕೊರತೆಯಿಲ್ಲ. ಆದರೆ ಆ ಅನುಭವವು ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿದು, ಅದನ್ನು ಬಲ್ಲ ಹಿರಿಯರೊಂದಿಗೆ ಕಣ್ಮರೆಯಾಗುತ್ತದೆ. ಬರವಣಿಗೆಗೆ ಇಳಿದ ಅನುಭವವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಅಡಿಕೆ ತೋಟದವರೆಲ್ಲರೂ ಬಲ್ಲ ಬೋರ್ಡೋ ದ್ರಾವಣದ ಚರಿತ್ರೆಯೇ ಸಾಕ್ಷಿ.

ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದ ದ್ರಾಕ್ಷಿ ಬೆಳೆಗಾರರು ದಾರಿಯ ಪಕ್ಕದ ಬಳ್ಳಿಗಳ ಹಣ್ಣನ್ನು ದಾರಿಹೋಕರು ಕೀಳದಿರಲೆಂದು ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಬಳ್ಳಿಗೆ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜು ರೋಗವು ತಗಲದಿದ್ದುದನ್ನು ೧೮೮೨ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಗಮನಿಸಿ, ಪರೀಕ್ಷೆಗಳನ್ನು ನಡೆಸಿ, ಕಲಸುವ ಪ್ರಮಾಣ ಸಹಿತವಾಗಿ ೧೮೮೫ರಲ್ಲಿ ಪ್ರಕಟಪಡಿಸಿದರು. ಆ ದ್ರಾವಣವು ಬೇರೆ ದೇಶಗಳಿಗೂ ಬೇರೆ ಬೆಳೆಗಳಿಗೂ ಹರಡಿತು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ೧೯೧೦ರಲ್ಲಿ ಅದರ ಮೇಲೆ ಒಂದು ಪುಸ್ತಿಕೆಯನ್ನು ಹೊರಡಿಸಿದರು. ಅಲ್ಲಿಯವರೆಗೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದ ತೋಟಗಳಲ್ಲಿ ಕಾಲಕ್ರಮದಲ್ಲಿ ಔಷಧ ಹೊಡೆಯುವ ಪದ್ಧತಿಯು ನೆಲೆಗೊಂಡಿತು. ದ್ರಾಕ್ಷಿ ತೋಟದವರ ಕೈಯಲ್ಲಿ ಆ ಕಲಸು ಮೊದಲೇ ಇದ್ದಿತು. ನೋಡಿದ್ದನ್ನು ಅಳತೆಯೊಡನೆ ಬರೆದು ಪ್ರಕಟಿಸಿದ ಮೇಲೆಯೇ ಅದು ಇತರರ ಸೊತ್ತಾಯಿತು.

ಇದಲ್ಲದೆ ಬೇಸಾಯಗಾರನು ಈಗ ವ್ಯಾಪಾರದ ವಿಚಾರವನ್ನೂ ತಿಳಿದಿರಬೇಕಾಗಿದೆ. ೧೯೪೨ರ ಕಾಫಿ ಶಾಸನದ ಪ್ರಕಾರ ಸ್ಥಾಪಿತವಾದ ಕಾಫಿ ಮಂಡಲಿಯು ಬಹುಕಾಲ ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ತಾನೇ ಮಾರಾಟ ಮಾಡುತ್ತಿದ್ದಿತು. ಆ ಏರ್ಪಾಡು ಹಂತ ಹಂತವಾಗಿ ಸಡಿಲಗೊಂಡು ೧೯೯೬ರಲ್ಲಿ ಕೊನೆಗಾಣಲು, ಯಾವಾಗ ಮಾರಬೇಕು, ಯಾವ ರೂಪದಲ್ಲಿ ಮಾರಬೇಕು ಎಂಬ ತೀರ್ಮಾನವು ಬೆಳೆಗಾರನ ಪಾಲಿಗೆ ಬಂದಿತು. ಇಂತಹ ತೀರ್ಮಾನಗಳಿಗೆ ಕಸುಬಿನ ಪತ್ರಿಕೆಗಳೇ ಆಧಾರ. ಪ್ಲಾಂಟರುಗಳ ಸಂಘವು ಇಂಗ್ಲಿಷಿನಲ್ಲಿ ನಡೆಸಿಕೊಂಡು ಬಂದ ಪ್ಲಾಂಟರ್ಸ್ ಕ್ರಾನಿಕಲ್ ಮತ್ತು ಕಾಫಿ ಮಂಡಲಿಯ ಇಂಡಿಯನ್ ಕಾಫಿ ಎಂಬ ಪತ್ರಿಕೆಗಳು ಪ್ರಸಿದ್ಧವಾಗಿವೆ. ಕನ್ನಡದಲ್ಲಿ ೧೯೮೮ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನಿಂದ ಆರಂಭವಾದ ಅಡಿಕೆ ಪತ್ರಿಕೆಯು, ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ, ಕೃಷಿಕರ ಕೈಗೆ ಲೇಖನಿಯನ್ನು ಕೊಡಬೇಕೆಂಬ ಧ್ಯೇಯವನ್ನಿಟ್ಟುಕೊಂಡು, ಬೆಳೆಗಾರರಿಂದಲೇ ಲೇಖನಗಳನ್ನು ಬರೆಯಿಸಿ ಮಾರ್ಗದರ್ಶಕವಾಗಿದೆ.

೨. ಅಪೂರ್ಣವಾದ ಮಾತಿನಿಂದ ಆಗುವ ಹಾನಿ

ಲೇಖನದಲ್ಲಿ ಒಂದು ಸಂಗತಿಯನ್ನು ಹೇಳಿ ಮತ್ತೊಂದನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ವೆನಿಲ್ಲಾ ಬೆಳೆಯ ವೃತ್ತಾಂತವು ತಕ್ಕ ಪಾಠವಾಗಿದೆ. ೨೦೦೦ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ ಹುಡಾ ಎಂಬ ಚಂಡಮಾರುತವು ಮಡಗಾಸ್ಕರ್ ದ್ವೀಪದ ವೆನಿಲ್ಲಾ ಬೆಳೆಯುವ ಪ್ರಾಂತವನ್ನು ಹಾಳುಗೆಡವಿತು. ಪ್ರಪಂಚದ ಪೇಟೆಯಲ್ಲಿ ಸರಕು ಕಡಿಮೆಯಾಗಿ ಬೆಲೆಯು ಏರುತ್ತಾ ಹೋಯಿತು. ೨೦೦೩ರ ಸುಮಾರಿನಲ್ಲಿ ಕರ್ನಾಟಕ ಮತ್ತು ಕೇರಳದ ತೋಟಗಳಲ್ಲಿ ಹಸಿ ಕೋಡಿಗೆ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿಗಳು ದೊರೆತವು. ಮಲೆನಾಡು ಮತ್ತು ಕರಾವಳಿಯ ಅನೇಕರು ಬಳ್ಳಿಯ ತುಂಡುಗಳನ್ನು ದುಬಾರಿ ಬೆಲೆಗೆ ಕೊಂಡು ನೆಟ್ಟರು.

ಆಗ ಎಲ್ಲರ ಬಾಯಲ್ಲಿಯೂ ಆಡುತ್ತಿದ್ದುದು ಬೆಲೆ. ಇತರ ಸಂಗತಿಗಳಾದರೋ ಹೀಗಿವೆ: ವೆನಿಲ್ಲಾ ಬಳ್ಳಿಯು ನೆಟ್ಟ ಮೇಲೆ ಹೂವಿಗೆ ಬರಲು ಸುಮಾರು ಮೂರು ವರ್ಷ ಬೇಕು. ಹೂವು ಬೆಳಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಅಷ್ಟರೊಳಗೆ ಪ್ರತಿಯೊಂದು ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಿಸಬೇಕು. ಅನಂತರ ಕೋಡು ಬಲಿಯಲು ಎಂಟರಿಂದ ಹತ್ತು ತಿಂಗಳು ಹಿಡಿಯುತ್ತದೆ. ಸುಮಾರು ಆರು ಕಿಲೋ ಹಸಿ ಕೋಡನ್ನು ಹದ ಮಾಡಿದರೆ ಒಂದು ಕಿಲೋ ಸಂಸ್ಕರಿಸಿದ ಸರಕು ಬರುತ್ತದೆ. ಈ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ೨೦೦೩ರಲ್ಲಿ ನೆಟ್ಟವನ ಕೈಗೆ ಫಸಲು ಬರುವುದು ೨೦೦೬ರ ಕೊನೆಗೋ ೨೦೦೭ಕ್ಕೋ ಎಂಬುದು ಯಾರಿಗಾದರೂ ತಿಳಿಯುತ್ತದೆ. ಅಷ್ಟರಲ್ಲಿ ಮಡಗಾಸ್ಕರಿನ ತೋಟಗಳು ಚೇತರಿಸಿಕೊಂಡವು, ಕೃತಕ ಪರಿಮಳವು ನಿಜವಾದ ವೆನಿಲ್ಲಾದ ಸ್ಥಾನವನ್ನು ಆಕ್ರಮಿಸಿತು, ೨೦೦೫ರ ವೇಳೆಗೆ ಬೆಲೆಯು ಕುಸಿದುಬಿದ್ದಿತು. ಇಂದಿನ ಬೆಲೆಯ ಜೊತೆಗೆ ಫಸಲಿನ ಕಾಲವನ್ನೂ ಕೂಲಿಯ ಲೆಕ್ಕವನ್ನೂ ಬರೆಯುವ ಲೇಖನವು ಓದುಗನನ್ನು ಒಂದು ದಿನವಾದರೂ ಯೋಚಿಸುವಂತೆ ಮಾಡುತ್ತದೆ. ಬೆಲೆಯೊಂದನ್ನೇ ಸಾರುವ ಲೇಖನವು ಅವನನ್ನು ನೇರವಾಗಿ ಸಸಿ ಮಾರುವವನ ಬಾಗಿಲಿಗೆ ಕಳುಹಿಸುತ್ತದೆ.

೩. ವಿಷಯವನ್ನು ಆರಿಸಿಕೊಳ್ಳುವುದು

ಒಂದು ಲೇಖನಕ್ಕೆ ಒಂದೇ ವಿಷಯವಿರಬೇಕು. “ಅಡಿಕೆಯ ಬೇಸಾಯ” ಎಂಬ ವಿಷಯವು ಒಂದು ಗ್ರಂಥಕ್ಕೆ ಆಗುವಷ್ಟಿದೆ. “ಹಳೆಯ ಅಡಿಕೆ ತೋಟದ ಬಸಿಗಾಲುವೆಗಳನ್ನು ಆಳಗೊಳಿಸಿದ್ದರಿಂದ ಆದ ಪರಿಣಾಮ” ಎಂಬುದು ಒಂದು ಲೇಖನಕ್ಕೆ ತಕ್ಕ ವಿಷಯ. ಬರೆಯುವವನು ತನ್ನ ಜಮೀನಿನಲ್ಲಿ ಕನಿಷ್ಠಪಕ್ಷ ಎರಡು ಮೂರು ವರ್ಷ ಮಾಡಿ ನೋಡಿದ್ದನ್ನೇ ಆರಿಸಿಕೊಳ್ಳುವುದು ಮೇಲು. ಒಂದು ವರ್ಷದ ಒಳ್ಳೆಯ ಫಸಲು ಮಳೆಯಿಂದಲೂ ಬಂದಿರಬಹುದು. ಪುಸ್ತಕಗಳಲ್ಲಿ ಈಗಾಗಲೇ ಇರುವ ಸಾಮಾನ್ಯ ವಿಷಯಗಳನ್ನು ನಕಲು ಮಾಡಿ ಕಳುಹಿಸಿದರೆ ಸಂಪಾದಕರು ಅದನ್ನು ಸ್ವೀಕರಿಸಲಾರರು. ಅವರಿಗೆ ಬೇಕಾದುದು ಆ ಜಮೀನಿನ ಮಾತು.

ನಷ್ಟವಾದ ಪ್ರಯತ್ನವೂ ಒಳ್ಳೆಯ ವಿಷಯವೇ. ಒಂದು ತಳಿಯು ಏಕೆ ನಿಲ್ಲಲಿಲ್ಲ, ಒಂದು ಯಂತ್ರವು ಇಳಿಜಾರಿನ ತೋಟದಲ್ಲಿ ಏಕೆ ನಡೆಯಲಿಲ್ಲ ಎಂಬುದನ್ನು ಲಜ್ಜೆಯಿಲ್ಲದೆ ಬರೆದಲ್ಲಿ, ಅದೇ ದಾರಿಯಲ್ಲಿ ಹಣ ಹಾಕಲು ಹೊರಟಿರುವವರು ತಡೆದು ನಿಲ್ಲುತ್ತಾರೆ.

೪. ಅಳತೆ ಮತ್ತು ಲೆಕ್ಕ

ಲೇಖನದ ಜೀವವು ಅದರ ಅಂಕಿಗಳಲ್ಲಿದೆ. “ಮೈಲುತುತ್ತ ಹೊಡೆದೆವು, ಕೊಳೆ ನಿಂತಿತು” ಎಂಬ ವಾಕ್ಯದಿಂದ ಓದುಗನಿಗೆ ಏನೂ ಪ್ರಯೋಜನವಿಲ್ಲ. “ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಈ ಶೇಕಡಾ ಒಂದರ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಂದು ಸಲ, ಅನಂತರ ಇಷ್ಟು ದಿನ ಬಿಟ್ಟು ಮತ್ತೊಂದು ಸಲ, ಇಷ್ಟು ಮರಗಳಿಗೆ ಹೊಡೆಯಲಾಯಿತು” ಎಂದು ಬರೆದರೆ ಅದನ್ನು ಓದಿದವನು ತನ್ನ ತೋಟದಲ್ಲಿ ಮಾಡಿ ನೋಡಬಹುದು.

ಅಳತೆಗಳ ವಿಷಯದಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಮೂಟೆ, ಪಲ್ಲ, ಖಂಡುಗ, ಮಣ ಮುಂತಾದವು ಸೀಮೆಯಿಂದ ಸೀಮೆಗೆ ಬದಲಾಗುವುದರಿಂದ, ಅವುಗಳ ಪಕ್ಕದಲ್ಲಿ ಕಿಲೋ ಅಥವಾ ಕ್ವಿಂಟಲ್ ಲೆಕ್ಕವನ್ನು ಬರೆಯತಕ್ಕದ್ದು. ಜಮೀನಿನ ವಿಸ್ತೀರ್ಣವನ್ನು ಎಕರೆ ಗುಂಟೆಗಳಲ್ಲಿ ಪಹಣಿಯಲ್ಲಿರುವಂತೆ ಕೊಟ್ಟು, ಅದರಲ್ಲಿ ಬೆಳೆಯಿರುವ ಭಾಗವೆಷ್ಟೆಂದು ಪ್ರತ್ಯೇಕವಾಗಿ ತಿಳಿಸಬೇಕು.

ಎರಡನೆಯದಾಗಿ, ಸರಕು ಯಾವ ರೂಪದಲ್ಲಿದ್ದಾಗ ತೂಗಿದ್ದೆಂಬುದನ್ನು ಹೇಳಬೇಕು. ಕಾಫಿಯಾದರೆ ಹಸಿ ಹಣ್ಣೋ, ಒಣಗಿದ ಚೆರ್ರಿಯೋ, ಪಾರ್ಚ್‌ಮೆಂಟೋ, ಕ್ಯೂರಿಂಗ್ ಆದ ಬೀಜವೋ. ಅಡಿಕೆಯಾದರೆ ಹಸಿಯೋ, ಚಾಲಿಯೋ, ಕೆಂಪೋ. ಕೆಂಪಾದರೆ ರಾಶಿ ಇಡಿಯೋ, ಬೆಟ್ಟೆಯೋ, ಸರಕೋ, ಗೊರಬಲೋ ಎಂಬುದನ್ನು ಬರೆಯದಿದ್ದರೆ ತೂಕಕ್ಕೂ ಬೆಲೆಗೂ ಅರ್ಥವಿರುವುದಿಲ್ಲ. ಮೆಣಸು ಒಣಗಿದಾಗ ಹಸಿಯ ತೂಕದ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಹೀಗಿರುವಲ್ಲಿ ಹಸಿಯ ತೂಕವನ್ನು ಕೊಟ್ಟು ಒಣ ಮೆಣಸಿನ ಬೆಲೆಯಿಂದ ಗುಣಿಸಿದವನು ಓದುಗನಿಗೆ ಮೂರು ಪಟ್ಟು ಆದಾಯವನ್ನು ತೋರಿಸಿದಂತಾಗುವುದು.

ಮೂರನೆಯದಾಗಿ, ಸತ್ತ ಗಿಡಗಳನ್ನು ಲೆಕ್ಕದಿಂದ ಬಿಡಕೂಡದು. ಉದಾಹರಣೆಗಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ಬೇಸಾಯಗಾರನು ಅಡಿಕೆ ಮರಗಳಿಗೆ ೩೦೦ ಮೆಣಸಿನ ಬಳ್ಳಿಗಳನ್ನು ಹಬ್ಬಿಸಿದನೆಂದೂ, ಸೊರಗು ರೋಗದಿಂದ ೬೦ ಸತ್ತು ೨೪೦ ಉಳಿದವೆಂದೂ, ಅವುಗಳಿಂದ ಒಂದು ವರ್ಷ ೧೯೨ ಕಿಲೋ ಒಣ ಮೆಣಸು ಬಂದಿತೆಂದೂ ಇಟ್ಟುಕೊಳ್ಳೋಣ. ಉಳಿದ ಬಳ್ಳಿಗಳಿಂದ ಭಾಗಿಸಿದರೆ ಬಳ್ಳಿಯೊಂದಕ್ಕೆ ೮೦೦ ಗ್ರಾಂ. ನೆಟ್ಟ ಬಳ್ಳಿಗಳಿಂದ ಭಾಗಿಸಿದರೆ ೬೪೦ ಗ್ರಾಂ. ಎರಡೂ ಅಂಕಿಗಳು ನಿಜವೇ. ಆದರೆ ಹೊಸದಾಗಿ ನೆಡುವವನು ಸಸಿಗೆ ಹಣ ಕೊಡುವುದು ೩೦೦ಕ್ಕೆ. ಆದುದರಿಂದ ಅವನಿಗೆ ಬೇಕಾದ ಅಂಕಿ ಎರಡನೆಯದು. ಎರಡನ್ನೂ ಬರೆದು, ಸತ್ತವು ಎಷ್ಟು, ಯಾವ ಕಾಲದಲ್ಲಿ ಸತ್ತವು ಎಂಬುದನ್ನು ಸೇರಿಸಿದರೆ ಲೇಖನವು ಪೂರ್ಣವಾಗುತ್ತದೆ.

ಖರ್ಚಿನ ಲೆಕ್ಕದಲ್ಲಿ ಮನೆಯವರ ದುಡಿಮೆ, ಸ್ವಂತ ಕೊಟ್ಟಿಗೆಯ ಗೊಬ್ಬರ, ಸ್ವಂತ ತೋಟದ ಸೊಪ್ಪು ಇವುಗಳಿಗೆ ಬೆಲೆ ಕಟ್ಟದೆ ಬಿಡುವುದು ಸಾಮಾನ್ಯವಾದ ವಾಡಿಕೆ. ಹಣ ಕೈಬಿಟ್ಟು ಹೋಗಲಿಲ್ಲವೆಂಬ ಕಾರಣದಿಂದ ಇವು ಖರ್ಚಲ್ಲವೆಂದು ಭಾವಿಸಕೂಡದು. ಮನೆಮಂದಿ ಕಡಿಮೆಯಿರುವ ಓದುಗನು ಇವೆಲ್ಲಕ್ಕೂ ಕೂಲಿ ಮತ್ತು ಕ್ರಯ ಕೊಡಬೇಕಾಗುವುದು. ಆದಾಯವಿಲ್ಲದೆ ಕಾದ ವರ್ಷಗಳ ಖರ್ಚನ್ನೂ, ಸಾಲದ ಬಡ್ಡಿಯನ್ನೂ, ಸಹಾಯಧನ ಬಂದಿದ್ದರೆ ಅದರ ಮೊತ್ತವನ್ನೂ ಕಾಣಿಸಬೇಕು.

೫. ಸ್ಥಳದ ವಿವರ

ಚಿಕ್ಕಮಗಳೂರಿನ ಗಿರಿಯ ಮೇಲೆ ಸರಿಹೋದುದು ಚನ್ನಗಿರಿಯ ಬಯಲಿನಲ್ಲಿ ಸರಿಹೋಗುತ್ತದೆಂಬ ನಿಯಮವಿಲ್ಲ. ಆದಕಾರಣ ಪ್ರತಿಯೊಂದು ಲೇಖನದಲ್ಲಿಯೂ ತಾಲ್ಲೂಕು, ಮಣ್ಣಿನ ಬಗೆ, ವರ್ಷದ ಮಳೆ, ನೀರಾವರಿಯ ಮೂಲ, ನೆರಳು, ತಳಿಯ ಹೆಸರು, ಗಿಡಗಳ ವಯಸ್ಸು ಮತ್ತು ಅಂತರ ಇವಿಷ್ಟನ್ನು ಐದಾರು ಸಾಲುಗಳಲ್ಲಿ ಕೊಡತಕ್ಕದ್ದು. ಯಾವ ವರ್ಷದ ಫಸಲು, ಯಾವ ತಿಂಗಳಿನ ಬೆಲೆ, ಯಾವ ಪೇಟೆಯ ಧಾರಣೆ ಎಂಬುದೂ ಅವಶ್ಯ. ತಾರೀಖಿಲ್ಲದ ಬೆಲೆಯು ಲೇಖನ ಅಚ್ಚಾಗುವ ಹೊತ್ತಿಗೆ ಸುಳ್ಳಾಗಬಹುದು.

೬. ಔಷಧಗಳ ವಿಷಯದಲ್ಲಿ ಎಚ್ಚರಿಕೆ

ಕೀಟನಾಶಕ, ರೋಗನಾಶಕ, ಕಳೆನಾಶಕಗಳನ್ನು ಕುರಿತು ಬರೆಯುವಾಗ ಅಂಗಡಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಶೇಕಡಾ ಪ್ರಮಾಣವನ್ನೂ ಕೊಡಬೇಕು. ಯಾವ ಬೆಳೆಗೆ ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದು ಡಬ್ಬಿಯ ಮೇಲಿನ ಚೀಟಿಯಲ್ಲಿಯೂ ಒಳಗಿನ ಕರಪತ್ರದಲ್ಲಿಯೂ ಮುದ್ರಿತವಾಗಿರುತ್ತದೆ. ಅದಕ್ಕೆ ವಿರೋಧವಾದ ಪ್ರಯೋಗವನ್ನು ಇತರರಿಗೆ ಸಲಹೆಯಾಗಿ ಬರೆಯಕೂಡದು. ದಶಮಾಂಶ ಚಿಹ್ನೆಯೊಂದು ತಪ್ಪಿದರೆ ಹತ್ತು ಪಟ್ಟು ವಿಷವು ಗಿಡದ ಮೇಲೆ ಬೀಳುತ್ತದೆ, ಹೊಡೆಯುವ ಆಳಿನ ಪ್ರಾಣಕ್ಕೂ ಅಪಾಯವುಂಟು. ಆದುದರಿಂದ ಇಂತಹ ಭಾಗವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗಾಗಲಿ ಇಲಾಖೆಯ ಅಧಿಕಾರಿಗಳಿಗಾಗಲಿ ತೋರಿಸಿ ಆಮೇಲೆ ಕಳುಹಿಸುವುದು ಕ್ಷೇಮ.

೭. ಸ್ವಂತ ಲಾಭವನ್ನು ಮುಚ್ಚಿಡಕೂಡದು

ಬರೆಯುವವನು ತಾನು ವರ್ಣಿಸುವ ತಳಿಯ ಸಸಿಗಳನ್ನು ಮಾರುವವನಾಗಿದ್ದರೆ, ಯಂತ್ರದ ಏಜೆಂಟನಾಗಿದ್ದರೆ, ಅಥವಾ ಗೊಬ್ಬರದ ಕಂಪೆನಿಯಿಂದ ಪುಕ್ಕಟೆಯಾಗಿ ಸರಕು ಪಡೆದು ಪರೀಕ್ಷೆ ಮಾಡಿದ್ದರೆ, ಅದನ್ನು ಲೇಖನದಲ್ಲಿಯೇ ಸ್ಪಷ್ಟವಾಗಿ ತಿಳಿಸತಕ್ಕದ್ದು. ಸಸಿ ಮಾರುವುದು ತಪ್ಪಲ್ಲ. ಅದನ್ನು ಮರೆಮಾಡಿ ಹಿತಚಿಂತಕನಂತೆ ಬರೆಯುವುದು ತಪ್ಪು. ಸಂಗತಿಯು ಮುಂದೆ ಹೊರಬಿದ್ದಾಗ ಆ ಲೇಖಕನ ಮಾತಿನ ಜೊತೆಗೆ ಪತ್ರಿಕೆಯ ಇತರ ಲೇಖಕರ ಮಾತಿಗೂ ಬೆಲೆ ಕಡಿಮೆಯಾಗುತ್ತದೆ. ನೆರೆಯವರ ತೋಟದ ಲೆಕ್ಕವನ್ನು ಬರೆಯುವುದಾದರೆ ಅವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.

೮. ಕಳುಹಿಸುವ ಕ್ರಮ

ಲೇಖನವನ್ನು ಬರೆಯುವ ಮೊದಲು ಆ ಪತ್ರಿಕೆಯ ನಾಲ್ಕಾರು ಸಂಚಿಕೆಗಳನ್ನು ಓದಿ, ಅದರಲ್ಲಿ ಬರುವ ಲೇಖನಗಳ ಉದ್ದವನ್ನೂ ರೀತಿಯನ್ನೂ, ತಾನು ಬರೆಯಬೇಕೆಂದಿರುವ ವಿಷಯವು ಇತ್ತೀಚೆಗೆ ಬಂದಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಬಳಿಕ ಸಂಪಾದಕರಿಗೆ ಒಂದು ಚಿಕ್ಕ ಪತ್ರವನ್ನು ಬರೆದು ಕೇಳುವುದರಿಂದ ಇಬ್ಬರಿಗೂ ಶ್ರಮ ಉಳಿಯುತ್ತದೆ. ಪತ್ರದ ಒಕ್ಕಣೆ ಹೀಗಿರಬಹುದು:

“ಮಾನ್ಯ ಸಂಪಾದಕರಿಗೆ, ಇಂಥ ತಾಲ್ಲೂಕು ಇಂಥ ಗ್ರಾಮದ ಬೇಸಾಯಗಾರ ಇಂಥವರ ವಿಜ್ಞಾಪನೆ. ಎರಡು ಎಕರೆ ಅಡಿಕೆ ತೋಟದಲ್ಲಿ ಬಸಿಗಾಲುವೆಗಳನ್ನು ಆಳಗೊಳಿಸಿ ಮೂರು ವರ್ಷಗಳಾದವು. ಅದಕ್ಕೆ ಮೊದಲಿನ ಎರಡು ವರ್ಷಗಳ ಮತ್ತು ಅನಂತರದ ಮೂರು ವರ್ಷಗಳ ಫಸಲಿನ ಲೆಕ್ಕವೂ ಖರ್ಚಿನ ಲೆಕ್ಕವೂ ಇವೆ. ಒಂದು ಮೂಲೆಯಲ್ಲಿ ಪ್ರಯೋಜನವಾಗಲಿಲ್ಲ. ಅದರ ಕಾರಣವನ್ನೂ ಬರೆಯಲಾಗುವುದು. ಮೂರು ಚಿತ್ರಗಳಿವೆ. ಪತ್ರಿಕೆಗೆ ಉಪಯೋಗವಾಗುವುದಾದರೆ ಎಷ್ಟು ಉದ್ದಕ್ಕೆ ಬರೆಯಬೇಕೆಂದು ತಿಳಿಸಬೇಕಾಗಿ ಪ್ರಾರ್ಥನೆ.”

ಲೇಖನವನ್ನು ಕಾಗದದ ಒಂದೇ ಮಗ್ಗುಲಲ್ಲಿ, ಅಂಚು ಬಿಟ್ಟು, ಅಂಕಿಗಳು ಸ್ಪಷ್ಟವಾಗಿ ಕಾಣುವಂತೆ ಬರೆಯಬೇಕು. ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಬೆರಳಚ್ಚು ಮಾಡಿ ಮಿಂಚಂಚೆಯಲ್ಲಿ ಕಳುಹಿಸುವುದಾದರೆ ಅಂಕಿಗಳನ್ನು ಮತ್ತೊಮ್ಮೆ ಮೂಲ ಪುಸ್ತಕದೊಡನೆ ತಾಳೆ ನೋಡಬೇಕು. ಮುಖ್ಯವಾದ ಫಲಿತಾಂಶವನ್ನು ಆರಂಭದಲ್ಲಿಯೇ ಹೇಳಿ, ಬಳಿಕ ಸ್ಥಳದ ವಿವರ, ಮಾಡಿದ ಕ್ರಮ, ಲೆಕ್ಕ, ಕುಂದುಕೊರತೆ ಎಂಬ ಅನುಕ್ರಮದಲ್ಲಿ ಬರೆದರೆ ಓದಲು ಸುಲಭ. ಚಿತ್ರಗಳಿಗೆ ಏನು, ಎಲ್ಲಿ, ಯಾವಾಗ ತೆಗೆದದ್ದು ಎಂಬ ಚೀಟಿಯಿರಬೇಕು. ಕಾಯಿ, ಹುಳು ಮುಂತಾದವುಗಳ ಪಕ್ಕದಲ್ಲಿ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು ತೆಗೆದರೆ ಗಾತ್ರವು ತಿಳಿಯುತ್ತದೆ. ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬರೆದು, ಒಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಳ್ಳತಕ್ಕದ್ದು. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸಕೂಡದು. ಒಂದರಿಂದ ನಿರಾಕರಣೆ ಬಂದ ಮೇಲೆ ಮತ್ತೊಂದಕ್ಕೆ ಕಳುಹಿಸಬಹುದು. ಸಂಭಾವನೆಯುಂಟೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಕಾಗಿಲ್ಲ. ಸಂಪಾದಕರು ಭಾಷೆಯನ್ನು ತಿದ್ದುವುದು ವಾಡಿಕೆ. ಅಂಕಿಗಳಲ್ಲಿ ಬದಲಾವಣೆಯಾಗಿದ್ದರೆ ಮಾತ್ರ ತಡಮಾಡದೆ ಬರೆದು ತಿಳಿಸಬೇಕು.

೯. ಅಚ್ಚಾದ ಮೇಲೆ

ಲೇಖನವು ಪ್ರಕಟವಾದೊಡನೆ ಲೇಖಕನ ಕರ್ತವ್ಯವು ಮುಗಿಯುವುದಿಲ್ಲ. ಮುಂದಿನ ವರ್ಷ ಅದೇ ಕ್ರಮದಿಂದ ಫಸಲು ಇಳಿದರೆ, ರೋಗ ಕಾಣಿಸಿಕೊಂಡರೆ, ಬೆಲೆ ಬಿದ್ದರೆ, ಆ ಸಂಗತಿಯನ್ನೂ ಅದೇ ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳುಹಿಸಬೇಕು. ಮೊದಲ ಲೇಖನವನ್ನು ಓದಿ ಹಣ ಹಾಕಿದವರಿಗೆ ಆ ನಾಲ್ಕು ಸಾಲುಗಳೇ ಹೆಚ್ಚು ಬೆಲೆಯುಳ್ಳವು.

೧೦. ಗ್ರಾಮದ ಮುಖಂಡರ ಕರ್ತವ್ಯ

ಊರಿನ ಉತ್ತಮ ಬೇಸಾಯಗಾರನು ಅನೇಕ ವೇಳೆ ಬರೆಯುವ ಅಭ್ಯಾಸವಿಲ್ಲದವನಾಗಿರುತ್ತಾನೆ. ಬೀಜವನ್ನು ಕಾಪಾಡಿಕೊಂಡು ಬಂದ ಹೆಂಗಸರ ತಿಳಿವಳಿಕೆಯಂತೂ ಮನೆಯ ಹೊಸ್ತಿಲನ್ನು ದಾಟಿ ಬರುವುದೇ ಅಪರೂಪ. ಮುಖಂಡರು ಇಂತಹವರನ್ನು ಗುರುತಿಸಿ, ಹತ್ತಿರ ಕುಳಿತು ಕೇಳಿ, ಶಾಲೆಯ ಉಪಾಧ್ಯಾಯರಿಂದಲೋ ಓದಿದ ಹುಡುಗರಿಂದಲೋ ಬರೆಯಿಸಿ, ಬರೆದುದನ್ನು ಅವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಅವರ ಹೆಸರಿನಲ್ಲಿಯೇ ಕಳುಹಿಸಬೇಕು. ಅನುಭವವು ಒಬ್ಬರದು, ಹೆಸರು ಮತ್ತೊಬ್ಬರದು ಆಗುವುದು ನ್ಯಾಯವಲ್ಲ.

ಇದೆಲ್ಲಕ್ಕೂ ಮೂಲವಾದುದು ಒಂದು ಲೆಕ್ಕದ ಪುಸ್ತಕ. ಬಿತ್ತನೆಯ ದಿನ, ಮಳೆ, ಗೊಬ್ಬರ, ಆಳುಗಳು, ಕೊಯ್ಲಿನ ತೂಕ, ಮಾರಿದ ಧಾರಣೆ ಇವನ್ನು ಆಯಾ ದಿನವೇ ಒಂದೆರಡು ಸಾಲುಗಳಲ್ಲಿ ಬರೆದಿಡುವ ಮನೆಯಲ್ಲಿ ಲೇಖನವು ಅರ್ಧ ಸಿದ್ಧವಾದಂತೆಯೇ ಸರಿ. ಜ್ಞಾಪಕದಿಂದ ಬರೆದ ಅಂಕಿಯು ಲಾಭದ ಕಡೆಗೆ ಬೆಳೆಯುತ್ತದೆ, ನಷ್ಟದ ಕಡೆಗೆ ಕುಗ್ಗುತ್ತದೆ.

ಸಾರಾಂಶ

ಒಂದು ಲೇಖನಕ್ಕೆ ಒಂದೇ ವಿಷಯ. ಸ್ವಂತ ಜಮೀನಿನಲ್ಲಿ ಎರಡು ಮೂರು ವರ್ಷ ನೋಡಿದ ಸಂಗತಿ. ತೂಕದೊಡನೆ ಸರಕಿನ ರೂಪ. ಬೆಲೆಯೊಡನೆ ತಾರೀಖು ಮತ್ತು ಪೇಟೆ. ಉಳಿದ ಗಿಡಗಳೊಡನೆ ಸತ್ತ ಗಿಡಗಳು. ಆದಾಯದೊಡನೆ ಮನೆಯವರ ದುಡಿಮೆ ಸಹಿತವಾದ ಖರ್ಚು. ಸ್ವಂತ ಲಾಭವಿದ್ದರೆ ಅದರ ತಿಳುವಳಿಕೆ. ಇವಿಷ್ಟು ಇರುವ ಲೇಖನದ ಕನ್ನಡವು ಒರಟಾಗಿದ್ದರೂ ಸಂಪಾದಕರು ತಿದ್ದಿಕೊಳ್ಳುತ್ತಾರೆ. ಇವು ಇಲ್ಲದ ಲೇಖನವನ್ನು ಎಷ್ಟು ಸೊಗಸಾದ ಭಾಷೆಯೂ ಕಾಪಾಡಲಾರದು. ಬರುವ ಕೊಯ್ಲಿನಿಂದಲೇ ಲೆಕ್ಕದ ಪುಸ್ತಕವನ್ನು ಆರಂಭಿಸಿದರೆ, ಇನ್ನೆರಡು ಮೂರು ಫಸಲುಗಳ ಅನಂತರ ಪ್ರತಿಯೊಂದು ಹೋಬಳಿಯಿಂದಲೂ ನಂಬತಕ್ಕ ಒಂದು ಲೇಖನವಾದರೂ ಹೊರಡುವುದರಲ್ಲಿ ಸಂದೇಹವಿಲ್ಲ.